ಲೆವೆಲ್ ಏರಿಸುವುದು ಯಾವ ಲೆಕ್ಕದ ಮೇಲೆ? ಎಕ್ಸ್‌ಪಿ, ನಿಧಿ, ಮೈಲ್‌ಸ್ಟೋನ್, ಸೆಷನ್: ಒಂದು ಹೋಲಿಕೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಬಗೆಯ ಆಟವನ್ನು, ಅಂದರೆ ಒಬ್ಬರು ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ಮಾತು, ದಾಳಗಳಿಂದ ಆಡುವ ಆಟವನ್ನು, ಹೊಸದಾಗಿ ನಡೆಸಲು ಹೊರಟವರು ಮೊದಲು ಕೇಳುವುದು ದೈತ್ಯರ ಬಗ್ಗೆ, ನಕ್ಷೆಗಳ ಬಗ್ಗೆ. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಅವರೇ ಮತ್ತೆ ಬಂದು ಕೇಳುವ ಪ್ರಶ್ನೆ ಬೇರೆ: ಪಾತ್ರಗಳ ಲೆವೆಲನ್ನು (ಶಕ್ತಿಯ ಮೆಟ್ಟಿಲನ್ನು) ಯಾವ ಲೆಕ್ಕದ ಮೇಲೆ ಏರಿಸಬೇಕು, ಎಷ್ಟು ಬೇಗ ಏರಿಸಬೇಕು? ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಹದಿನೈದು ದಿನಕ್ಕೊಂದು ರವಿವಾರ ಐದು ಜನರಿಗೆ ನಾನು ಆಟ ನಡೆಸುತ್ತ ಬಂದಿದ್ದೇನೆ. ಆ ಅನುಭವವನ್ನು ಆಧಾರವಾಗಿಟ್ಟುಕೊಂಡು, ಬಳಕೆಯಲ್ಲಿರುವ ಪದ್ಧತಿಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ನನ್ನ ತೂಕದ ಕಲ್ಲು ಒಂದೇ: ಮುಂದಿನ ಲೆವೆಲ್ ಎಷ್ಟು ದೂರವಿದೆ, ಅದನ್ನು ಮುಟ್ಟಲು ಏನು ಮಾಡಬೇಕು ಎಂಬುದು ಮೇಜಿನ ಸುತ್ತ ಕುಳಿತ ಎಲ್ಲರಿಗೂ ಕಾಣುತ್ತಿದೆಯೇ? ದಾರಿ ಕಾಣದ ಪದ್ಧತಿಯಲ್ಲಿ, ಅದು ನಡೆಸುವವರಿಗೆ ಎಷ್ಟೇ ಸುಲಭವಾಗಿರಲಿ, ಆಟಗಾರರು ಆಡುವುದನ್ನು ಬಿಟ್ಟು ಕಾಯತೊಡಗುತ್ತಾರೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಪದ್ಧತಿಯನ್ನು ಆರಿಸುವ ಮುನ್ನ ನಿಮ್ಮ ಟೇಬಲ್‌ಗೆ (ಆಟದ ಗುಂಪಿಗೆ) ವರ್ಷಕ್ಕೆ ನಿಜವಾಗಿ ಎಷ್ಟು ಸೆಷನ್ (ಕೂಡಿ ಆಡುವ ದಿನ) ಸಿಗುತ್ತವೆ ಎಂದು ಎಣಿಸಿ. ಹದಿನೈದು ದಿನಕ್ಕೊಂದು ಎಂದರೆ ಕಾಗದದ ಮೇಲೆ 26 ಆಗಬೇಕು. ಕಳೆದ ವರ್ಷ ನಮಗೆ ಸಿಕ್ಕದ್ದು 17. ಗಣೇಶ ಹಬ್ಬದ ದಿನಗಳಲ್ಲಿ ಬೆಳಗಾವಿಯಲ್ಲಿ ಯಾರನ್ನೂ ಒಂದು ಕೋಣೆಯಲ್ಲಿ ಕೂಡಿಸಲಾಗದು. ನವೆಂಬರ್ 1ರ ರಾಜ್ಯೋತ್ಸವದ ಆಸುಪಾಸೂ ಹಾಗೆಯೇ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಊರಿನ ಲಾಡ್ಜ್‌ಗಳೆಲ್ಲ ತುಂಬಿರುತ್ತವೆಯಾದ್ದರಿಂದ, ಲಾಡ್ಜೊಂದರಲ್ಲಿ ಕೆಲಸ ಮಾಡುವ, ಆಟದಲ್ಲಿ ಪೂಜಾರಿಯ ಪಾತ್ರದ ನಮ್ಮ ಕ್ಲೆರಿಕ್‌ಗೆ ರಜೆಯೇ ಸಿಗುವುದಿಲ್ಲ. ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ವಿಟಿಯು ಪರೀಕ್ಷೆ ಬಂತೆಂದರೆ ಕಾಣೆಯಾಗುತ್ತಾರೆ. ಗೋಕಾಕ ತಾಲ್ಲೂಕಿನಿಂದ ಬಂದು ಯೋಧನ ಪಾತ್ರ ಆಡುವ ಫೈಟರ್‌ನದು ಕಬ್ಬಿನ ಹೊಲ; ಸಕ್ಕರೆ ಕಾರ್ಖಾನೆಗಳು ನುರಿಸಲು ಶುರು ಮಾಡಿದ ಮೇಲೆ ಕಟಾವಿನ ಗ್ಯಾಂಗ್ ಎಂದು ಬರುತ್ತದೆಯೋ ಅಂದೇ ಅವರು ಹೊಲದಲ್ಲಿರಬೇಕು. ವಿಜಯಪುರದ ಕಡೆಯ ಟೇಬಲ್ ಆಗಿದ್ದರೆ ಅಕ್ಟೋಬರ್‌ನ ದ್ರಾಕ್ಷಿ ಚಾಟ್ನಿಯ (ಬಳ್ಳಿ ಸವರುವ) ಸಮಯಕ್ಕೆ ಇದೇ ಮಾತು ಅನ್ವಯಿಸುತ್ತದೆ.

ಈ ಆಟದ ಐದನೆಯ ಆವೃತ್ತಿಯ 2014ರ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಕೈಪಿಡಿ ಒಂದು ಅಂದಾಜು ವೇಗವನ್ನು ಸೂಚಿಸುತ್ತದೆ: ಮೊದಲ ಸೆಷನ್ ಮುಗಿದಾಗ 2ನೇ ಲೆವೆಲ್, ಇನ್ನೊಂದಕ್ಕೆ 3ನೇ ಲೆವೆಲ್, ಮತ್ತೆರಡಕ್ಕೆ 4ನೇ ಲೆವೆಲ್, ಅಲ್ಲಿಂದ ಮುಂದೆ ಪ್ರತಿ ಲೆವೆಲ್‌ಗೆ ಎರಡು ಅಥವಾ ಮೂರು ಸೆಷನ್. ಈ ವೇಗದಲ್ಲಿ 17 ಸೆಷನ್‌ಗೆ ಪಾತ್ರಗಳು 9ನೇ ಲೆವೆಲ್‌ನ ಹತ್ತಿರ ಬಂದು ನಿಲ್ಲುತ್ತವೆ. ನಿಮ್ಮ ಕಥೆ ಮೂರು ವರ್ಷದ್ದಾಗಿದ್ದರೆ ಇದು ಅತಿವೇಗ. ಬೇಸಿಗೆ ರಜೆಯಲ್ಲಿ ಎಂಟು ವಾರ ಆಡಿ ಮುಗಿಸುವುದಾದರೆ ಇದು ಸರಿಯಾಗಿಯೇ ಹೊಂದುತ್ತದೆ.

ಎಕ್ಸ್‌ಪಿ: ಲೆಕ್ಕ ಕಾಣುತ್ತದೆ, ಆದರೆ ಯಾವುದರ ಲೆಕ್ಕ?

ಎಕ್ಸ್‌ಪಿಯ (ಪಾತ್ರ ಗಳಿಸುವ ಅನುಭವದ ಅಂಕದ) ದೊಡ್ಡ ಗುಣವೆಂದರೆ ಅದರಲ್ಲಿ ಮುಚ್ಚುಮರೆ ಇಲ್ಲ. 2ನೇ ಲೆವೆಲ್‌ಗೆ 300, 3ಕ್ಕೆ 900, 4ಕ್ಕೆ 2,700, 5ಕ್ಕೆ 6,500 ಎಂದು ಪುಸ್ತಕದಲ್ಲೇ ಪಟ್ಟಿಯಿದೆ, ಮತ್ತು ತನ್ನ ಪಾತ್ರ ಎಲ್ಲಿದೆ ಎಂದು ತಿಳಿಯಲು ಆಟಗಾರ ನನ್ನ ಮುಖ ನೋಡಬೇಕಾಗಿಲ್ಲ. ಆದರೆ ಆ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ತೊಡಕು ಕಾಣುತ್ತದೆ. ಸೋಲಿಸಿದ ದೈತ್ಯರಲ್ಲಿ ಒಂದು ಗಾಬ್ಲಿನ್‌ಗೆ 50, ಒಂದು ಓಗರ್‌ಗೆ 450. ಐದು ಜನರ ಪಾರ್ಟಿ 3ನೇ ಲೆವೆಲ್‌ನಿಂದ 4ಕ್ಕೆ ಏರಬೇಕಾದರೆ ತಲಾ 1,800ರಂತೆ ಒಟ್ಟು 9,000 ಎಕ್ಸ್‌ಪಿ ಬೇಕು, ಅಂದರೆ 180 ಗಾಬ್ಲಿನ್‌ಗಳು ಅಥವಾ 20 ಓಗರ್‌ಗಳು. ಕಾದಾಟಕ್ಕಷ್ಟೇ ಅಂಕ ಕೊಟ್ಟರೆ ಮಾತುಕತೆಯಿಂದ ಮುಗಿಯಬಹುದಾಗಿದ್ದ ಜಗಳವನ್ನೂ ಆಟಗಾರರು ಕತ್ತಿಯಿಂದಲೇ ಮುಗಿಸುತ್ತಾರೆ, ಮತ್ತು ಅದಕ್ಕೆ ಅವರನ್ನು ದೂರುವಂತಿಲ್ಲ, ಏಕೆಂದರೆ ಕೂಲಿ ಯಾವ ಕೆಲಸಕ್ಕೆ ಸಿಗುತ್ತದೆಯೋ ಆ ಕೆಲಸ ನಡೆಯುತ್ತದೆ. ಎದುರಾಳಿಯನ್ನು ಕೊಲ್ಲದೆ ದಾಟಿದರೂ, ಒಲಿಸಿಕೊಂಡರೂ, ಬೆದರಿಸಿ ಓಡಿಸಿದರೂ ಅಷ್ಟೇ ಅಂಕ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ನೀಗದ ಕೊರತೆ ಹಾಜರಾತಿಯದು. ನಮ್ಮ ಮೊದಲ ಕ್ಯಾಂಪೇನ್‌ನಲ್ಲಿ (ಹಲವು ಸೆಷನ್ ನಡೆಯುವ ಒಂದು ಕಥೆಯಲ್ಲಿ) ಬಂದವರಿಗೆ ಮಾತ್ರ ಎಕ್ಸ್‌ಪಿ ಎಂಬ ನಿಯಮವನ್ನು ನಾನೇ ಮಾಡಿದ್ದೆ, ಅದು ನ್ಯಾಯವೆಂದೂ ನಂಬಿದ್ದೆ. ಜನವರಿಯ ಒಂದು ರವಿವಾರ ಉದ್ದನೆಯ ನೋಟ್‌ಬುಕ್ಕಿನಲ್ಲಿ ಕೂಡಿಸಿ ನೋಡಿದಾಗ ನಾಲ್ವರು 7,120ಕ್ಕೆ ಬಂದಿದ್ದರು. ಕಟಾವಿಗಾಗಿ ಒಂದು ಸೆಷನ್ ತಪ್ಪಿಸಿಕೊಂಡಿದ್ದ ಫೈಟರ್ 6,480ರಲ್ಲಿದ್ದರು. ಅವರು ತಮ್ಮ ಅಂಕಿಯ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು, "ಇಪ್ಪತ್ತ ಕಡಿಮಿ ಬಿದ್ದಾವ್ರಿ ಸರ್ರ" ಎಂದಷ್ಟೇ ಹೇಳಿದರು. ಉಳಿದವರು 6,500 ದಾಟಿ 5ನೇ ಲೆವೆಲ್ ಮುಟ್ಟಿದ್ದರಿಂದ ಆ ದಿನದ ಕಾಳಗದಲ್ಲಿ ಪ್ಯಾಲಡಿನ್ (ಧರ್ಮಯೋಧ) ಒಂದು ಸರದಿಗೆ ಎರಡು ಏಟು ಹಾಕಿದರೆ ಅವರದು ಒಂದೇ ಏಟು. ವಿಝರ್ಡ್‌ನ ಮೊದಲ ಫೈರ್‌ಬಾಲ್ ಮಂತ್ರ ಸಿಡಿದು ಎಲ್ಲರೂ ಕೂಗಿದಾಗ ಅವರೂ ಕೂಗಿದರು. ಆದರೆ ತಮ್ಮ ಸರದಿ ಬಂದಾಗ ದಾಳವನ್ನು ಅಂಗೈಯಲ್ಲಿ ಎರಡು ಸಲ ಆಡಿಸಿ ಸುಮ್ಮನೆ ಮೇಜಿನ ಮೇಲೆ ಬಿಟ್ಟರು. 20 ಅಂಕಕ್ಕಾಗಿ ನಾನು ನಿಯಮವನ್ನು ಎತ್ತಿ ಹಿಡಿದದ್ದು ತಪ್ಪಾಗಿತ್ತು. ಹೊಲದ ಕೆಲಸಕ್ಕೆ ಹೋದವನನ್ನು ಆಟದಲ್ಲಿ ಹಿಂದೆ ಬಿಡುವ ನಿಯಮ ನಮ್ಮ ಕಡೆಗೆ ಸಲ್ಲದು ಎಂದು ಅಂದೇ ನನಗೆ ಮನವರಿಕೆಯಾಯಿತು.

ಇದಕ್ಕೆ ಉತ್ತರವಾಗಿ ಹಳಬರು ಒಂದು ವಾದ ಹೂಡುತ್ತಾರೆ, ಮತ್ತು ಅದರಲ್ಲಿ ಹುರುಳಿದೆ. ಪಟ್ಟಿ ಮೇಲೇರಿದಂತೆ ಕಡಿದಾಗುವುದರಿಂದ ಹಿಂದೆ ಬಿದ್ದವರು ತಾವಾಗಿಯೇ ಹತ್ತಿರ ಬರುತ್ತಾರೆ. ಉಳಿದವರು 5ರಿಂದ 6ಕ್ಕೆ ಏರಲು 7,500 ಗಳಿಸುವಷ್ಟರಲ್ಲಿ, ಸೊನ್ನೆಯಿಂದ ಶುರು ಮಾಡಿದ ಹೊಸ ಪಾತ್ರವೂ ಅಷ್ಟನ್ನೇ ಗಳಿಸಿ 5ನೇ ಲೆವೆಲ್ ಮುಟ್ಟಿರುತ್ತದೆ. ಲೆಕ್ಕ ಸರಿ, ಆದರೆ ಆ ಪಾತ್ರ ಅಷ್ಟು ದಿನ ಬದುಕಿರಬೇಕಲ್ಲ. 5ನೇ ಲೆವೆಲ್‌ನವರಿಗೆ ತಕ್ಕ ಶತ್ರು ಬೀಸಿದ ಒಂದೇ ಹೊಡೆತಕ್ಕೆ 1ನೇ ಲೆವೆಲ್‌ನ ವಿಝರ್ಡ್ ನೆಲಕ್ಕುರುಳುತ್ತಾನೆ. ಆದ್ದರಿಂದ ಎಕ್ಸ್‌ಪಿಯನ್ನೇ ಇಟ್ಟುಕೊಳ್ಳುವುದಾದರೆ ಇಡೀ ಪಾರ್ಟಿಗೆ ಒಂದೇ ಲೆಕ್ಕವಿರಲಿ, ಬಾರದವರಿಗೂ ಅದು ಸಲ್ಲಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾತ್‌ಫೈಂಡರ್‌ನ (ಇದೇ ಬಗೆಯ ಇನ್ನೊಂದು ಆಟದ) 2019ರ ಎರಡನೆಯ ಆವೃತ್ತಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಯಾವ ಲೆವೆಲ್ ಆದರೂ ಮುಂದಿನದಕ್ಕೆ 1,000 ಎಕ್ಸ್‌ಪಿ. ನಾಲ್ವರ ಪಾರ್ಟಿಗೆ ಸಾಧಾರಣ ಕಾಳಗವೊಂದಕ್ಕೆ 80, ಕಠಿಣವಾದುದಕ್ಕೆ 120. ಕಾಳಗದ ಹೊರಗಿನ ಸಾಧನೆಗೆ ಅದರ ಗಾತ್ರ ನೋಡಿ 10, 30 ಅಥವಾ 80. ಸುಮಾರು ಹನ್ನೆರಡು ಸಾಧಾರಣ ಕಾಳಗಕ್ಕೆ ಒಂದು ಲೆವೆಲ್ ಎಂಬ ಅಂದಾಜು ತಲೆಯಲ್ಲೇ ಉಳಿಯುವುದರಿಂದ ನೋಟ್‌ಬುಕ್ಕಿನ ಹಂಗು ತಪ್ಪುತ್ತದೆ. ಅಂಕಿ ಇಷ್ಟಪಡುವ ಟೇಬಲ್ ನಿಮ್ಮದಾದರೆ ಇದನ್ನು ಕಣ್ಣುಮುಚ್ಚಿ ಆರಿಸಿಕೊಳ್ಳಬಹುದು.

ನಿಧಿಗೆ ಅಂಕ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೂಲ ಆಟದಲ್ಲಿ ಅಂಕದ ಬಹುಪಾಲು ಬರುತ್ತಿದ್ದುದು ಕೊಂದದ್ದಕ್ಕಲ್ಲ, ಹೊತ್ತು ತಂದ ಹೊನ್ನಿಗೆ. ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. 1981ರ ಆವೃತ್ತಿಯಲ್ಲಿ 2ನೇ ಲೆವೆಲ್‌ಗೆ ಥೀಫ್‌ಗೆ 1,200, ಫೈಟರ್‌ಗೆ 2,000, ಮ್ಯಾಜಿಕ್ ಯೂಸರ್‌ಗೆ 2,500 ಬೇಕಿತ್ತು. ಇದು ದುರಾಸೆಯ ಆಟವೆಂದು ಮೇಲುನೋಟಕ್ಕೆ ಅನಿಸಬಹುದು. ಆದರೆ ಒಮ್ಮೆ ಆಡಿಸಿ ನೋಡಿದರೆ ಆಟಗಾರರು ಬದಲಾಗುವ ರೀತಿ ಬೆರಗು ಹುಟ್ಟಿಸುತ್ತದೆ: ಅವರು ಕಾಳಗವನ್ನು ತಪ್ಪಿಸತೊಡಗುತ್ತಾರೆ, ಕಾವಲುಗಾರನ ಊಟದ ಹೊತ್ತು ಯಾವುದೆಂದು ವಿಚಾರಿಸುತ್ತಾರೆ, ಹಗ್ಗ ಎಷ್ಟುದ್ದ ಬೇಕೆಂದು ಲೆಕ್ಕ ಹಾಕುತ್ತಾರೆ, ಹೊರಲಾರದ ಪೆಟ್ಟಿಗೆಗಾಗಿ ಎತ್ತಿನ ಗಾಡಿ ಬಾಡಿಗೆಗೆ ಹಿಡಿಯುತ್ತಾರೆ. ಎಲ್ಲಿಗೆ ಹೋಗಬೇಕೆಂಬುದನ್ನು ಆಟಗಾರರೇ ನಿರ್ಧರಿಸುವ ತೆರೆದ ನಾಡಿನ ಕ್ಯಾಂಪೇನ್‌ಗೆ ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ನಾನು ಕಂಡಿಲ್ಲ.

ಆದರೂ ನಮ್ಮ ಕಡೆ ಇದನ್ನು ಇದ್ದ ಹಾಗೆಯೇ ಬಳಸಲು ನನಗೆ ಮನಸ್ಸಾಗಲಿಲ್ಲ. ನಿಧಿಯಾಸೆಗೆ ಹಳೆಯ ಗುಡಿಗಳ ನೆಲ ಅಗೆದು ವಿಗ್ರಹದ ಪೀಠ ಕಿತ್ತ ಸುದ್ದಿಗಳನ್ನು ಓದುತ್ತಲೇ ಬೆಳೆದವರು ನಾವು. ನನ್ನ ಆಟದ ನಾಡು ಮಲಪ್ರಭೆಯ ದಂಡೆಯನ್ನು, ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ನೆನೆದು ಕಟ್ಟಿದ್ದು. ಅಂಥ ನಾಡಿನಲ್ಲಿ ಗುಡಿಯ ಹೊನ್ನು ದೋಚಿದವನಿಗೆ ಅಂಕ ಕೊಡುವುದು ನನ್ನಿಂದ ಆಗದ ಮಾತು. ಹಾಗಾಗಿ ಹೊನ್ನಿನ ಜಾಗದಲ್ಲಿ ಶಾಸನವನ್ನಿಟ್ಟೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನವಿಲ್ಲದಿದ್ದರೆ ಇಮ್ಮಡಿ ಪುಲಕೇಶಿಯ ಬಗ್ಗೆ ನಮಗೆ ತಿಳಿದಿರುವುದು ಎಷ್ಟೋ ಕಡಿಮೆಯಾಗುತ್ತಿತ್ತು. ಆ ಯೋಚನೆಯಿಂದಲೇ, ಪಾಳುಗುಡಿಯೊಂದರ ಶಾಸನವನ್ನು ಪೂರ್ತಿ ನಕಲು ಮಾಡಿ ಜೀವಂತವಾಗಿ ಊರಿಗೆ ತಂದರೆ ಇಡೀ ಪಾರ್ಟಿಗೆ 500 ಎಕ್ಸ್‌ಪಿ ಎಂದು ಗೊತ್ತು ಮಾಡಿದೆ. ಹೊನ್ನಿನ ನಿಯಮ ಹುಟ್ಟಿಸುವ ಎಚ್ಚರ, ಜಾಣತನ, ಮುಂದಾಲೋಚನೆ ಎಲ್ಲವೂ ಹಾಗೆಯೇ ಉಳಿದವು. ಶಾಸನದ ಸಾಲುಗಳು ಕಥೆಯ ಸುಳಿವುಗಳೂ ಆದವು.

ಮೈಲ್‌ಸ್ಟೋನ್: ಮುಚ್ಚಿಟ್ಟದ್ದೂ ಹೇಳಿಟ್ಟದ್ದೂ ಒಂದೇ ಅಲ್ಲ

ಕಥೆಯಲ್ಲಿ ಒಂದು ಗುರುತಿನ ಕಲ್ಲನ್ನು ದಾಟಿದಾಗ ಎಲ್ಲರೂ ಒಟ್ಟಿಗೆ ಲೆವೆಲ್ ಏರುವುದು ಮೈಲ್‌ಸ್ಟೋನ್ ಪದ್ಧತಿ. ಲೆಕ್ಕಪತ್ರವಿಲ್ಲ, ಹಾಜರಾತಿಯ ಜಗಳವಿಲ್ಲ, ಗಾಬ್ಲಿನ್‌ಗಳನ್ನು ಅಟ್ಟಿಸಿಕೊಂಡು ಹೋಗುವ ಅಗತ್ಯವಿಲ್ಲ. ಇಂದು ಬಹಳಷ್ಟು ಟೇಬಲ್‌ಗಳು ಇದನ್ನೇ ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೆಚ್ಚಿನವರು ನಡೆಸುವುದು ಮುಚ್ಚಿಟ್ಟ ಮೈಲ್‌ಸ್ಟೋನ್: ಕಲ್ಲು ಎಲ್ಲಿದೆ ಎಂದು ನಡೆಸುವವರಿಗೆ ಮಾತ್ರ ಗೊತ್ತಿರುತ್ತದೆ. ಎರಡನೆಯ ಕ್ಯಾಂಪೇನ್‌ನಲ್ಲಿ ನಾನು ಮಾಡಿದ್ದೂ ಅದನ್ನೇ.

ಪಾರ್ಟಿ ಆಗ 6ನೇ ಲೆವೆಲ್‌ನಲ್ಲಿತ್ತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಬದಿಯಲ್ಲಿ ಉಸುರಿದ್ದು ಎದುರು ಬದಿಯಲ್ಲಿ ಬೇರೆಯವರ ದನಿಯಲ್ಲಿ ಕೇಳುವ ಗುಮ್ಮಟವೊಂದನ್ನು ನಾನು ಸಿದ್ಧಪಡಿಸಿದ್ದೆ. ಅದರೊಳಗೆ ಕಾಲಿಟ್ಟ ದಿನ 7ನೇ ಲೆವೆಲ್ ಎಂದು ನನ್ನ ಟಿಪ್ಪಣಿಯಲ್ಲಿ ಬರೆದಿತ್ತು. ಆಟಗಾರರು ದಾರಿಯಲ್ಲಿ ಎರಡು ಹಳ್ಳಿಗಳ ನಡುವಿನ ಕೆರೆ ನೀರಿನ ವ್ಯಾಜ್ಯಕ್ಕೆ ಕೈಹಾಕಿದರು. ತೂಬು ಯಾವ ದಿನ ಯಾರಿಗೆ ತೆರೆಯಬೇಕೆಂದು ಪಂಚಾಯ್ತಿ ನಡೆಸಿದರು, ಮುರಿದ ಏರಿಯನ್ನು ಮಂತ್ರದಿಂದ ಕಟ್ಟಿಕೊಟ್ಟರು, ರಾತ್ರಿ ತೂಬು ಒಡೆಯಲು ಬಂದವರನ್ನು ಹಿಡಿದು ಊರ ಮುಂದೆ ನಿಲ್ಲಿಸಿದರು. ಐದು ಸೆಷನ್ ಕಳೆದವು. ನಾವು ಆಡಿದ ಅತ್ಯುತ್ತಮ ಐದು ಸೆಷನ್‌ಗಳು ಅವು. ಆದರೆ ನನ್ನ ಕಲ್ಲು ಗುಮ್ಮಟದಲ್ಲಿತ್ತು, ಆದ್ದರಿಂದ ಯಾರೂ ಏರಲಿಲ್ಲ. ಐದನೆಯ ಸೆಷನ್ ಮುಗಿದು ಪಾತ್ರಗಳ ವಿವರದ ಶೀಟುಗಳನ್ನು ಫೈಲಿಗೆ ಸೇರಿಸುವಾಗ ವಿದ್ಯಾರ್ಥಿಗಳಲ್ಲೊಬ್ಬ, "ಸರ್, ನಾವ್ ತಪ್ಪ ದಾರಿ ಹಿಡದೇವೇನ್ರಿ?" ಎಂದು ಕೇಳಿದ. ಅವನು ಲೆವೆಲ್ ಕೇಳುತ್ತಿರಲಿಲ್ಲ. ತಾವು ಮನಸಾರೆ ಮಾಡಿದ ಕೆಲಸಕ್ಕೆ ಈ ಆಟದಲ್ಲಿ ಬೆಲೆಯಿದೆಯೇ ಎಂದು ಕೇಳುತ್ತಿದ್ದ. ಮುಚ್ಚಿಟ್ಟ ಮೈಲ್‌ಸ್ಟೋನ್‌ನ ನಿಜವಾದ ದೋಷ ಇದು: ಆಟಗಾರರು ತಮಗೆ ಬೇಕಾದದ್ದನ್ನು ಮಾಡುವ ಬದಲು ಡಿಎಂ ಮನಸ್ಸಿನಲ್ಲಿರುವುದನ್ನು ಊಹಿಸಲು ಕಲಿಯುತ್ತಾರೆ.

ಅಂದಿನಿಂದ ನಾನು ಹೇಳಿಟ್ಟ ಮೈಲ್‌ಸ್ಟೋನ್‌ಗೆ ಬಂದಿದ್ದೇನೆ. ಪ್ರತಿ ಲೆವೆಲ್‌ನ ಮೊದಲಿಗೆ ಒಂದು ಹಾಳೆಯ ಮೇಲೆ ನಾಲ್ಕು ಕೆಲಸಗಳನ್ನು ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸುತ್ತೇವೆ. ಎರಡು ನನ್ನವು, ಎರಡು ಆಟಗಾರರವು. ನಾಲ್ಕರಲ್ಲಿ ಯಾವ ಮೂರು ಮುಗಿದರೂ ಎಲ್ಲರೂ ಏರುತ್ತಾರೆ. ಈ ಸಲದ ಹಾಳೆಯಲ್ಲಿರುವುದು ಹೀಗೆ: ಗುಮ್ಮಟದಲ್ಲಿ ಮಾತನಾಡುವ ದನಿ ಯಾರದೆಂದು ತಿಳಿಯುವುದು, ವಿಜಯಪುರದ ಮಲಿಕ್-ಎ-ಮೈದಾನ್ ನೋಡಿ ನಾನು ಕಲ್ಪಿಸಿಕೊಂಡ ಬುರುಜಿನ ತೋಪನ್ನು ಶತ್ರುವಿನ ಕೈಯಿಂದ ಬಿಡಿಸುವುದು, ಕ್ಲೆರಿಕ್‌ನ ಕಳೆದುಹೋದ ಅಣ್ಣನನ್ನು ಹುಡುಕುವುದು, ಕೆರೆಯ ಒಪ್ಪಂದ ಒಂದು ಬೇಸಿಗೆಯಾದರೂ ಮುರಿಯದಂತೆ ಕಾಯುವುದು. ಕೊನೆಯ ಎರಡು ಆಟಗಾರರು ಬರೆಸಿದವು.

ಇದರಲ್ಲಿಯೂ ತಪ್ಪುವ ಜಾಗಗಳಿವೆ. ಕೆಲಸ ತೀರ ದೊಡ್ಡದಾದರೆ ಹಾಳೆ ತಿಂಗಳುಗಟ್ಟಲೆ ಗೋಡೆಯ ಮೇಲೆಯೇ ಉಳಿಯುತ್ತದೆ, ಆದ್ದರಿಂದ ಒಂದೊಂದು ಕೆಲಸವೂ ಒಂದೆರಡು ಸೆಷನ್‌ನಲ್ಲಿ ಮುಗಿಯುವಂತಿರಬೇಕು. ಕಥೆ ಹೊರಳಿ ಒಂದು ಕೆಲಸ ಅರ್ಥ ಕಳೆದುಕೊಂಡರೆ ಎಲ್ಲರ ಎದುರಿಗೆ ಹೊಡೆದುಹಾಕಿ ಬೇರೆಯದನ್ನು ಬರೆಯಬೇಕು. ದೊಡ್ಡ ರಹಸ್ಯಗಳನ್ನು ಹಾಳೆಯಲ್ಲಿ ಬಯಲು ಮಾಡದಂತೆ ಪದಗಳನ್ನು ಆರಿಸುವುದು ನಡೆಸುವವರಿಗೆ ಹೆಚ್ಚಿನ ಕೆಲಸ, ಅದನ್ನು ಒಪ್ಪಿಕೊಳ್ಳಲೇಬೇಕು.

ಸೆಷನ್ ಲೆಕ್ಕ, ಮತ್ತು ಲೆವೆಲ್ ಇಲ್ಲದ ಆಟಗಳು

ಇಷ್ಟು ಸೆಷನ್‌ಗೆ ಒಂದು ಲೆವೆಲ್ ಎಂಬ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಪೂರ್ತಿ ಕಾಣುವ ಪದ್ಧತಿ, ರಜೆಯ ಚಿಕ್ಕ ಕ್ಯಾಂಪೇನ್‌ಗೆ ಅತ್ಯಂತ ಹೊಂದುವಂಥದ್ದು. ಆದರೆ ಏನು ಮಾಡಿದರೂ ಮಾಡದಿದ್ದರೂ ಏರಿಕೆ ಬಂದೇ ಬರುವುದರಿಂದ ದೀರ್ಘ ಆಟದಲ್ಲಿ ಅದರ ಸಂತೋಷ ಕುಂದುತ್ತದೆ.

ಕಾಲ್ ಆಫ್ ಕ್ತುಲ್ಹುವಿನಂತಹ ಆಟದಲ್ಲಿ ಲೆವೆಲ್ ಎಂಬುದೇ ಇಲ್ಲ. ಯಶಸ್ವಿಯಾಗಿ ಬಳಸಿದ ಕೌಶಲಕ್ಕೆ ಗುರುತು ಹಾಕಿ, ಕೊನೆಯಲ್ಲಿ ಶತಾಂಶದ ದಾಳ ಉರುಳಿಸಿ, ಈಗಿರುವ ಅಂಕಿಗಿಂತ ಹೆಚ್ಚು ಬಿದ್ದರೆ ಮಾತ್ರ ಕೌಶಲ ಬೆಳೆಯುತ್ತದೆ. ಬಲ್ಲವನಿಗೆ ಬೆಳೆಯುವುದು ಕಷ್ಟ, ಹೊಸಬನಿಗೆ ಸುಲಭ. ಗರಡಿಮನೆಯಲ್ಲಿ ಮೈ ಹುರಿಗೊಳ್ಳುವುದೂ ಹೀಗೆಯೇ ಅಲ್ಲವೇ? ಡಂಜನ್ ವರ್ಲ್ಡ್‌ನಲ್ಲಿ ದಾಳ ಕೈಕೊಟ್ಟಾಗ ಒಂದು ಎಕ್ಸ್‌ಪಿ ಸಿಗುತ್ತದೆ, ಸೋತವನಿಗೂ ಏನೋ ದಕ್ಕಿದಂತಾಗುತ್ತದೆ. ಎರಡೂ ಸೊಗಸಾದ ಏರ್ಪಾಡುಗಳು. ಆದರೆ ಅವು ಆಯಾ ಆಟದ ಮೈಗೆ ಹೊಂದಿಸಿ ಹೊಲಿದ ಬಟ್ಟೆಗಳು. ಕಿತ್ತು ತಂದು ಬೇರೆ ಆಟಕ್ಕೆ ತೊಡಿಸಲು ಹೋಗಬೇಡಿ.

ಎಲ್ಲಿ ನಿಧಾನಿಸಬೇಕು

ಯಾವ ಪದ್ಧತಿಯನ್ನೇ ಆರಿಸಿದರೂ ಎಲ್ಲ ಲೆವೆಲ್‌ಗಳಿಗೂ ಒಂದೇ ಅವಧಿ ಕೊಡುವುದು ತಪ್ಪು. 1 ಮತ್ತು 2ನೇ ಲೆವೆಲ್‌ಗಳಲ್ಲಿ ಒಂದು ಕೆಟ್ಟ ದಾಳಕ್ಕೆ ಪಾತ್ರ ಸಾಯಬಹುದು, ಮಾಡಲು ಆಯ್ಕೆಗಳೂ ಕಡಿಮೆ. ಅಲ್ಲಿಂದ ಬೇಗ ದಾಟಿಸಿ. 5ನೇ ಲೆವೆಲ್ ನಿಜವಾದ ಹೊಸ್ತಿಲು. ಫೈಟರ್‌ಗೆ ಎರಡನೆಯ ಏಟು, ವಿಝರ್ಡ್‌ಗೆ ಮೂರನೆಯ ಹಂತದ ಸ್ಪೆಲ್‌ಗಳು (ಮಂತ್ರಗಳು) ಬರುವುದು ಇಲ್ಲಿ. ಫೈರ್‌ಬಾಲ್‌ನ ಎಂಟು ಆರುಮುಖದ ದಾಳಗಳ ಸರಾಸರಿ 28; ಗಾಬ್ಲಿನ್‌ನ ಸರಾಸರಿ ಹಿಟ್ ಪಾಯಿಂಟ್ (ಏಟು ತಾಳುವ ಬಲದ ಅಂಕ) 2014ರ ನಿಯಮದಂತೆ 7. ಹಿಂದಿನ ವಾರ ಹೆದರಿಸಿದ ಗುಂಪು ಈ ವಾರ ಒಂದೇ ಸರದಿಗೆ ಬೂದಿಯಾಗುತ್ತದೆ. 9ನೇ ಲೆವೆಲ್‌ಗೆ ಐದನೆಯ ಹಂತದ ಸ್ಪೆಲ್‌ಗಳು ಬಂದಾಗ ಸತ್ತು ದಿನಗಳಾದವರನ್ನೂ ಎಬ್ಬಿಸಬಹುದು, ಟೆಲಿಪೋರ್ಟೇಶನ್ ಸರ್ಕಲ್ ಬರೆದು ದೂರದ ಊರಿಗೆ ಹೋಗಬಹುದು. ಬೆಳಗಾವಿಯಿಂದ ವಿಜಯಪುರದಷ್ಟು ದೂರವನ್ನು ನಡೆದು, ದಾರಿಯ ಒಂದೊಂದು ಧರ್ಮಛತ್ರದಲ್ಲೂ ಕಥೆ ಹುಟ್ಟಿಸುವುದು ನಿಮ್ಮ ಇಚ್ಛೆಯಾಗಿದ್ದರೆ, ಆ ಪಯಣವೆಲ್ಲ 9ಕ್ಕೆ ಮೊದಲೇ ಮುಗಿದಿರಬೇಕು.

ಹಾಗಾಗಿ 5ರಿಂದ 8ರವರೆಗಿನ ಲೆವೆಲ್‌ಗಳಲ್ಲಿ ನಿಧಾನಿಸಿ, ಒಂದೊಂದಕ್ಕೆ ನಾಲ್ಕೈದು ಸೆಷನ್ ಕೊಡಿ ಎಂದು ನಾನು ಹೇಳುತ್ತೇನೆ. ಪಾತ್ರಗಳಿಗೆ ಶಕ್ತಿಯಿದೆ, ಆದರೆ ಬೆಟ್ಟ ಇನ್ನೂ ಬೆಟ್ಟವಾಗಿಯೇ ಇದೆ, ಸಾವು ಇನ್ನೂ ಭಾರವಾಗಿಯೇ ಇದೆ. ವಿಚಿತ್ರವೆಂದರೆ ಎಕ್ಸ್‌ಪಿ ಪಟ್ಟಿ ಇದಕ್ಕೆ ತದ್ವಿರುದ್ಧವಾಗಿ ಒಂದು ಕಡೆ ಇಳಿಯುತ್ತದೆ: 10ರಿಂದ 11ಕ್ಕೆ 21,000 ಬೇಕು, 11ರಿಂದ 12ಕ್ಕೆ 15,000 ಸಾಕು. ಪಟ್ಟಿಯನ್ನೇ ನೆಚ್ಚಿಕೊಂಡವರು ಆ ಇಳಿಜಾರಿನಲ್ಲಿ ಆಟ ಓಡತೊಡಗಿದರೆ ಗಾಬರಿಯಾಗಬೇಕಿಲ್ಲ.

ಯಾರಿಗೆ ಯಾವುದು

ಐದಾರು ಜನರಲ್ಲಿ ಇಬ್ಬರು ಮೂವರು ಬಿಡುವು ನೋಡಿ ಬರುವ, ಒಂದು ದೊಡ್ಡ ಕಥೆಯಿರುವ ಟೇಬಲ್‌ಗೆ ಹೇಳಿಟ್ಟ ಮೈಲ್‌ಸ್ಟೋನ್. ಕಥೆಯನ್ನು ಆಟಗಾರರೇ ಹುಡುಕಿಕೊಳ್ಳುವ ತೆರೆದ ನಾಡಿಗೆ ನಿಧಿ ಅಥವಾ ಶಾಸನದ ಎಕ್ಸ್‌ಪಿ. ಕಾಳಗದ ತಂತ್ರಗಾರಿಕೆಯನ್ನೇ ಪ್ರೀತಿಸುವ, ತಪ್ಪದೆ ಬರುವ ನಾಲ್ವರಿಗೆ ಇಡೀ ಪಾರ್ಟಿಯ ಒಂದೇ ಲೆಕ್ಕದ ಎಕ್ಸ್‌ಪಿ, ಅದೂ ಸಾಧ್ಯವಾದರೆ ಪಾತ್‌ಫೈಂಡರ್‌ನ ಸಾವಿರದ ಲೆಕ್ಕದ್ದು. ಎಂಟು ವಾರದ ರಜೆಗೆ ಸೆಷನ್ ಲೆಕ್ಕ.

ನಡುವೆ ಪದ್ಧತಿ ಬದಲಿಸಬೇಕಾಗಿ ಬಂದರೆ ಒಂದು ಲೆವೆಲ್ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಬದಲಿಸಿ, ಎಲ್ಲರನ್ನೂ ಪಾರ್ಟಿಯ ಅತಿ ಎತ್ತರದ ಲೆವೆಲ್‌ಗೆ ತನ್ನಿ, ಯಾರನ್ನೂ ಇಳಿಸಬೇಡಿ. ನಾವು ಹಾಗೆಯೇ ಮಾಡಿದೆವು. ಈಗ ಕಟಾವಿನ ತಿಂಗಳುಗಳಲ್ಲಿ ಫೈಟರ್‌ನ ಶೀಟು ನನ್ನ ಫೈಲಿನಲ್ಲಿರುತ್ತದೆ, ಗೋಡೆಯ ಹಾಳೆಯಲ್ಲಿ ಯಾವ ಕೆಲಸ ಯಾವ ದಿನ ಮುಗಿಯಿತೆಂದು ತಾರೀಖು ಹಾಕಿರುತ್ತೇವೆ. ಕಾರ್ಖಾನೆ ನಿಂತು ಅವರು ಬಂದ ರವಿವಾರ ಮೊದಲು ಹಾಳೆಯ ಮುಂದೆ ನಿಂತು ಓದುತ್ತಾರೆ, ಕೆರೆಯ ಒಪ್ಪಂದದ ಸಾಲಿನ ಹತ್ತಿರ ಬಂದಾಗ ಯಾರಾದರೂ ನಡೆದದ್ದನ್ನು ಹೇಳುತ್ತಾರೆ. ಆಮೇಲೆ ಅವರು ಕುಳಿತು ಹೊಸ ಲೆವೆಲ್‌ನ ಹಿಟ್ ಪಾಯಿಂಟ್‌ಗೆ ಹತ್ತು ಮುಖದ ದಾಳ ಉರುಳಿಸುತ್ತಾರೆ, ಐವರೂ ಬಗ್ಗಿ ನೋಡುತ್ತೇವೆ.